ಕೋಚ್ ನನ್ನ ಮಗಳನ್ನು ಬೈಯುವುದೇ ಇಲ್ಲ: ನಿಮಗೂ ಹೀಗಾಗಿದೆಯೇ?

ಮಂಡ್ಯದ ತಾಯಿ: ಮಗಳಿಗೆ ಹದಿಮೂರು ವರ್ಷ. ಎರಡು ವರ್ಷದಿಂದ ಉದ್ದ ಜಿಗಿತದ ಅಭ್ಯಾಸಕ್ಕೆ ಹೋಗುತ್ತಿದ್ದಾಳೆ. ಅಲ್ಲಿ ಎತ್ತರದ ಹುಡುಗಿಯರಿಬ್ಬರಿಗೆ ಕೋಚ್ ದಿನವೂ ಬೈಯುತ್ತಾರೆ, ತಿದ್ದುತ್ತಾರೆ, ಮತ್ತೆ ಓಡಿಸುತ್ತಾರೆ. ಇವಳಿಗೆ ಮಾತ್ರ "ಪರವಾಗಿಲ್ಲ ಕಂದ, ಚೆನ್ನಾಗಿದೆ". ಮೊದಮೊದಲು ನನಗೆ ಸಂತೋಷವೇ ಆಗಿತ್ತು. ಈಗ ಅವಳೇ "ಅಮ್ಮ, ಸರ್ ಕಣ್ಣಿಗೆ ನಾನು ಬೀಳುವುದೇ ಇಲ್ಲ" ಎನ್ನುತ್ತಾಳೆ. ಕೋಚ್ ಬದಲಿಸಲೇ, ಹೋಗಿ ಮಾತನಾಡಲೇ?

ನಿವೃತ್ತ ದೈಹಿಕ ಶಿಕ್ಷಕ, ಮೈಸೂರು: ನೋಡಮ್ಮ, ನಿಮ್ಮ ಮಗಳು ಸುಮ್ಮನೆ ಹೇಳಿರಲಾರಳು. ಇದೇ ತಪ್ಪನ್ನು ನಾನೂ ವರ್ಷಗಟ್ಟಲೆ ಮಾಡಿದವನು. ದೂರ ಜಿಗಿಯುತ್ತಾರೆಂದು ಮೊದಲೇ ನಂಬಿದ್ದ ಮಕ್ಕಳಿಗೆ ಮಾತ್ರ ಟೇಪ್ ಹಿಡಿಯುತ್ತಿದ್ದೆ. ಉಳಿದವರಿಗೆ "ಹೂಂ, ಮುಂದಿನವನು ಬಾ". ಒಂದು ಸಂಜೆ ಕುಳ್ಳ ಹುಡುಗನೊಬ್ಬ ಮರಳಿನ ಗುಂಡಿಯ ಪಕ್ಕ ಪಾದಕ್ಕೆ ಪಾದ ಹಚ್ಚಿ ನಡೆಯುತ್ತಿದ್ದ. ಏನೋ ಇದು ಎಂದೆ. "ಹದಿನೇಳು ಪಾದ ಸಾರ್, ನಿನ್ನೆ ಹದಿನಾರೂವರೆ" ಎಂದ. ತನ್ನ ಜಿಗಿತವನ್ನು ತಾನೇ ಅಳೆದುಕೊಳ್ಳುತ್ತಿದ್ದ! ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಎತ್ತರ ನೋಡಿ, ಅಣ್ಣನ ಪದಕ ನೋಡಿ, ಮೊದಲ ದಿನದ ಓಟ ನೋಡಿ ನಾವು ತೀರ್ಮಾನ ಮಾಡಿಬಿಟ್ಟಿರುತ್ತೇವೆ. ಒಂದೇ ವಯೋಮಿತಿಯಲ್ಲಿ ಜನವರಿಯ ಮಗುವಿಗೂ ಡಿಸೆಂಬರಿನ ಮಗುವಿಗೂ ಹನ್ನೊಂದು ತಿಂಗಳ ಬೆಳವಣಿಗೆಯ ಅಂತರವಿರುತ್ತದೆ. ಕೆನಡಾದ ಐಸ್ ಹಾಕಿಯಲ್ಲಿ ಮೇಲೆ ಬಂದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂದು ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1985ರಲ್ಲಿ ತೋರಿಸಿದರು. ಬೇಗ ಬೆಳೆದವರನ್ನು ಪ್ರತಿಭೆಯೆಂದು ಆರಿಸಿ, ಅವರಿಗೇ ಹೆಚ್ಚು ಕಲಿಸಿ, ಕೊನೆಗೆ "ನಾನು ಆಗಲೇ ಹೇಳಿರಲಿಲ್ಲವೇ" ಎಂದು ಮೀಸೆ ತಿರುವುವುದು ನಮ್ಮಂಥ ಕೋಚ್‌ಗಳ ಚಾಳಿ.

ಬೈಗುಳ ಬಿದ್ದರೆ ನಿರೀಕ್ಷೆ ಇದೆ ಎಂದರ್ಥ. ನೀವು ಹೆದರಬೇಕಾದದ್ದು ಆ "ಪರವಾಗಿಲ್ಲ"ಕ್ಕೆ.

ಶಿಕ್ಷಕಿ, ಮದ್ದೂರು: ಬಿ.ಎಡ್.ನಲ್ಲಿ ಓದಿದ್ದು ನೆನಪಾಯಿತು. ಅಮೆರಿಕದ ಸಂಶೋಧಕರಾದ ರೋಸೆಂಥಾಲ್ ಮತ್ತು ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಪ್ರಯೋಗ. ಚೀಟಿ ಎತ್ತಿದಂತೆ ಆರಿಸಿದ ಕೆಲವು ಮಕ್ಕಳನ್ನು ತೋರಿಸಿ, ಇವರು ಈ ವರ್ಷ ಮುಂದೆ ಬರುತ್ತಾರೆಂದು ಶಿಕ್ಷಕರಿಗೆ ಹೇಳಿದರು. ಒಂದು, ಎರಡನೇ ತರಗತಿಗಳಲ್ಲಿ ಅವರ ಬುದ್ಧಿಮತ್ತೆಯ ಅಂಕ ನಿಜಕ್ಕೂ ಹೆಚ್ಚು ಏರಿತು. ದೊಡ್ಡ ಮಕ್ಕಳಲ್ಲಿ ಅಷ್ಟು ಕಾಣಲಿಲ್ಲ, ಪ್ರಯೋಗದ ಬಗ್ಗೆ ತಕರಾರುಗಳೂ ಇವೆ. ಹಾಗಾಗಿ ಕೋಚ್ ನಂಬದಿದ್ದರೆ ಎಲ್ಲ ಮುಗಿಯಿತೆಂದು ಕೂರಬೇಡಿ.

ಒಬ್ಬ ತಂದೆ, ಮೈಸೂರು: ಜಗಳ ಮಾತ್ರ ಬೇಡ ಅಕ್ಕ. "ನನ್ನ ಮಗನನ್ನು ಏಕೆ ಕಡೆಗಣಿಸುತ್ತೀರಿ" ಎಂದು ನಾನು ಎಲ್ಲರೆದುರೇ ಕೇಳಿದೆ. ಮರುದಿನದಿಂದ ಮಗನಿಗೆ "ಬನ್ನಿ, ಕುಳಿತುಕೊಳ್ಳಿ" ಎಂಬ ಮರ್ಯಾದೆ. ಪಾಠ ಮಾತ್ರ ಸೊನ್ನೆ.

ನಿವೃತ್ತ ದೈಹಿಕ ಶಿಕ್ಷಕ, ಮೈಸೂರು: ಅವರು ಒಬ್ಬರೇ ಇರುವಾಗ ಒಂದೇ ಪ್ರಶ್ನೆ ಕೇಳಿ: "ಈ ವಾರ ಅವಳು ತಿದ್ದಿಕೊಳ್ಳಬೇಕಾದ ಒಂದು ತಪ್ಪು ಯಾವುದು ಸಾರ್?" ಉತ್ತರ ಹೇಳಬೇಕಾದರೆ ಅವರು ಅವಳ ಜಿಗಿತವನ್ನು ನೋಡಲೇಬೇಕು.

ಮಂಡ್ಯದ ತಾಯಿ: ಶನಿವಾರ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಸರ್, "ಇವಳು ಯಾವ ಕಾಲಿನಿಂದ ಚಿಮ್ಮುತ್ತಾಳೆ?" ಎಂದು ನನ್ನನ್ನೇ ಕೇಳಿದರು. ಎರಡು ವರ್ಷವಾದ ಮೇಲೆ! ನಾನು ನಾಲಿಗೆ ಕಚ್ಚಿಕೊಂಡೆ. ಆಮೇಲೆ ಟೇಪ್ ತರಿಸಿದರು. 3.62 ಮೀಟರ್. ಮಗಳು ಅದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು, ಅಳಿಸಿಹೋಗುತ್ತದೆಂದು ಆ ಕೈಯಲ್ಲಿ ಪಾತ್ರೆ ಮುಟ್ಟುತ್ತಿಲ್ಲ.