ಚಳಿಗಾಲದಲ್ಲಿ ಸೆಲೆ ನೀರಿನ ಹೊಳೆ, ಫ್ಲೈ ರಾಡ್, ಸ್ಮಾಲ್‌ಮೌತ್ ಬಾಸ್: ಗೊತ್ತಿದ್ದವರು ಹೇಳಿ

ಹಿನ್ನೀರು_ಬಾಗಲಕೋಟೆ:
ಎಲ್ಲರಿಗೂ ನಮಸ್ಕಾರ. ನಾನು ನವನಗರದವನು. ಹದಿನೈದು ವರ್ಷದಿಂದ ಆಲಮಟ್ಟಿ ಹಿನ್ನೀರಿನಲ್ಲಿ ಗಾಳ ಹಾಕುತ್ತಿದ್ದೇನೆ. ಹಿಟ್ಟಿನ ಉಂಡೆ, ಎರೆಹುಳ, ಬೆಂಡು, ರೋಹು, ಕಾಟ್ಲಾ. ನನಗೆ ಗೊತ್ತಿರುವುದು ಇಷ್ಟೇ.

ಜನವರಿಯಲ್ಲಿ ತಮ್ಮನ ಮನೆಗೆ ಹೋಗುತ್ತಿದ್ದೇನೆ. ಅವನಿರುವುದು ಅಮೆರಿಕದ ಮಿಸೌರಿಯಲ್ಲಿ. ಕರೆಂಟ್ ನದಿಯಲ್ಲಿ ಸ್ಮಾಲ್‌ಮೌತ್ ಬಾಸ್ ಮೀನು ಹಿಡಿಯೋಣ ಅಂತ ಹೋದ ಸಲ ಬಂದಾಗಲೇ 6 ನಂಬರಿನ ಫ್ಲೈ ರಾಡ್, ಅಂದರೆ ಭಾರದ ಲೈನ್ ಬೀಸಿ ಹಗುರವಾದ ಹುಸಿ ಹುಳ ಎಸೆಯುವ ಕೋಲು, ತಂದುಕೊಟ್ಟಿದ್ದಾನೆ. ದಿನಾ ಸಂಜೆ ಖಾಲಿ ಸೈಟಿನಲ್ಲಿ ಲೈನ್ ಬೀಸುವುದನ್ನು ಕಲಿಯುತ್ತಿದ್ದೇನೆ.

ನನ್ನ ಪ್ರಶ್ನೆ: ಅಷ್ಟು ಚಳಿಯಲ್ಲಿ ಮೀನು ಕಚ್ಚುತ್ತದಾ? ಸೆಲೆ ನೀರು ಸೇರುವ ಜಾಗ ಹುಡುಕಬೇಕು ಅಂತ ತಮ್ಮ ಹೇಳುತ್ತಾನೆ. ಯಾಕೆ ಅನ್ನುವುದು ಅವನಿಗೂ ಸರಿಯಾಗಿ ಗೊತ್ತಿಲ್ಲ.

ಗೋಕಾಕದವ:
ಅಣ್ಣಾರೇ, ಕಚ್ಚುತ್ತದೆ. ಆದರೆ ಹೊಳೆಯ ತುಂಬ ಅಲ್ಲ, ಕೆಲವೇ ಜಾಗದಲ್ಲಿ. ನಾನು ಆರು ಚಳಿಗಾಲ ಆ ಕಡೆ ಇದ್ದೆ. ಹೆಚ್ಚುಕಡಿಮೆ ಪ್ರತಿ ಶನಿವಾರ ಹೊಳೆಗೆ ಹೋಗುತ್ತಿದ್ದೆ. ಈ ಮೀನಿನ ಮೇಲೆ ನನಗೆ ಈಗಲೂ ಬಹಳ ಪ್ರೀತಿ.

ನೀರು 10 ಡಿಗ್ರಿಗಿಂತ ಕೆಳಗೆ ಇಳಿದರೆ ಸ್ಮಾಲ್‌ಮೌತ್ ಮಂದವಾಗುತ್ತದೆ. ಓಡಾಟ ಕಡಿಮೆ, ಹಸಿವೂ ಕಡಿಮೆ. ಹರಿವು ಕಡಿಮೆ ಇರುವ ಆಳದ ಮಡುವಿನಲ್ಲಿ, ಬಂಡೆಯ ಮರೆಯಲ್ಲಿ ನಿಂತುಬಿಡುತ್ತದೆ. ಆದರೆ ಅಲ್ಲಿಯದು ಸುಣ್ಣಕಲ್ಲಿನ ನೆಲ. ನೆಲದೊಳಗಿಂದ ಬರುವ ಸೆಲೆ ನೀರು ವರ್ಷವಿಡೀ ಸುಮಾರು 14 ಡಿಗ್ರಿ ಇರುತ್ತದೆ. ಬೇಸಿಗೆಯಲ್ಲಿ ಅದೇ ತಂಪು, ಜನವರಿಯಲ್ಲಿ ಅದೇ ಬಿಸಿ. ಮೀನು ಅದನ್ನು ಹುಡುಕಿಕೊಂಡು ಬರುತ್ತದೆ.

ವ್ಯಾನ್ ಬ್ಯೂರೆನ್ ಊರಿನ ಹತ್ತಿರ ಬಿಗ್ ಸ್ಪ್ರಿಂಗ್ ಇದೆ. ಅಮೆರಿಕದ ಅತಿ ದೊಡ್ಡ ಸೆಲೆಗಳಲ್ಲಿ ಒಂದು. ಬಂಡೆಯ ಬುಡದಿಂದ ನೀಲಿ ನೀರು ಉಕ್ಕಿ ಬಂದು ಕರೆಂಟ್ ನದಿ ಸೇರುತ್ತದೆ. ಸೆಲೆಯ ಬಾಯಲ್ಲೇ ಗಾಳ ಹಾಕಬೇಡಿ, ನದಿಗೆ ಸೇರಿದ ಮೇಲೆ ಕೆಳಗಿನ ಮಡುಗಳನ್ನು ನೋಡಿ. ಚಳಿ ಜಾಸ್ತಿ ಇರುವ ಬೆಳಿಗ್ಗೆ ಬೆಚ್ಚಗಿನ ನೀರಿನ ಮೇಲೆ ಆವಿ ಏಳುತ್ತಿರುತ್ತದೆ. ಆ ಆವಿಯೇ ಗುರುತು. ಒಂದು ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಇಟ್ಟುಕೊಳ್ಳಿ, ಎರಡು ಡಿಗ್ರಿ ವ್ಯತ್ಯಾಸ ಸಿಕ್ಕರೂ ಸಾಕು.

ಫ್ಲೈ, ಅಂದರೆ ಗಾಳಕ್ಕೆ ಕೂದಲು, ದಾರ ಕಟ್ಟಿ ಮಾಡಿದ ಹುಸಿ ಎರೆ, ನನಗೆ ಕ್ಲೌಸರ್ ಮಿನ್ನೋ. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಸಸ್ಕ್ವೆಹಾನಾ ನದಿಯ ಸ್ಮಾಲ್‌ಮೌತ್‌ಗಾಗಿಯೇ ಕಟ್ಟಿದ್ದು. ತಲೆಯ ಹತ್ತಿರ ಎರಡು ಲೋಹದ ಕಣ್ಣುಗಳಿರುತ್ತವೆ. ಆ ಭಾರಕ್ಕೆ ಬೇಗ ಮುಳುಗುತ್ತದೆ, ಗಾಳದ ಮೊನೆಯೂ ಮೇಲಕ್ಕೆ ತಿರುಗುತ್ತದೆ. ಕಲ್ಲಿಗೆ ಸಿಕ್ಕುವುದು ಕಡಿಮೆ. ಬೀಸಿದ ಮೇಲೆ ಸುಮ್ನೆ ಇರಿ. ತಳ ಮುಟ್ಟಲಿ. ಆಮೇಲೆ ಒಂದು ಗೇಣು ಎಳೆಯಿರಿ, ಮತ್ತೆ ಬಿಡಿ. ನಿಮಗೆ ಬೇಸರ ಬರುವಷ್ಟು ನಿಧಾನ.

ಕಚ್ಚಿದ್ದು ಕೈಗೆ ಗೊತ್ತಾಗುವುದಿಲ್ಲ, ಕಣ್ಣಿಗೆ ಗೊತ್ತಾಗಬೇಕು. ಹರಿವಿನ ಜೊತೆ ಬರುತ್ತಿದ್ದ ಲೈನಿನ ತುದಿ ತಟ್ಟನೆ ನಿಲ್ಲುತ್ತದೆ, ಅಷ್ಟೇ. ನನ್ನ ಮೊದಲ ಚಳಿಗಾಲದ ಮೀನನ್ನು ಒದ್ದೆ ಎಲೆ ಅಂದುಕೊಂಡೇ ಎತ್ತಿದೆ. ಎಲೆ ತಲೆ ಕೊಡವಿತು! ಹಳೇ ಕಂಚಿನ ಬಣ್ಣ, ಪಕ್ಕದಲ್ಲಿ ಕಪ್ಪು ಪಟ್ಟೆ, ಕಣ್ಣು ಕೆಂಪು. ಕೈ ಮರಗಟ್ಟಿತ್ತು, ಆದರೂ ಬಿಡಲು ಮನಸ್ಸಾಗಲಿಲ್ಲ.

ಬಿಟ್ಟೆ. ನೀವೂ ಬಿಡಿ. ಇದು ನಿಧಾನ ಬೆಳೆಯುವ ಮೀನು, ಚಳಿಗಾಲದಲ್ಲಿ ಒಂದೇ ಮಡುವಿನಲ್ಲಿ ಗುಂಪಾಗಿ ಇರುತ್ತದೆ. ಒಂದು ದಿನದಲ್ಲಿ ಮಡು ಖಾಲಿ ಮಾಡಬಹುದು, ಅದು ಮತ್ತೆ ತುಂಬಲು ವರ್ಷಗಳು ಬೇಕು.

ಬಾದಾಮಿ_ಬನಶಂಕರಿ:
ಫ್ಲೈ ವಿಷಯ ನನಗೆ ಗೊತ್ತಿಲ್ಲ. ಆದರೆ ಸೆಲೆ ನೀರಿನ ಮಾತು ಓದಿ ಮಹಾಕೂಟ ನೆನಪಾಯಿತು. ಅಲ್ಲಿನ ಹೊಂಡಕ್ಕೆ ಬರುವುದೂ ಸೆಲೆ ನೀರೇ ಅಲ್ವಾ? ಡಿಸೆಂಬರ್ ಬೆಳಿಗ್ಗೆ ದಂಡೆಯ ಕಲ್ಲಿನ ಮೇಲೆ ಕಾಲು ಇಡಲು ಆಗುವುದಿಲ್ಲ, ನೀರಿಗೆ ಇಳಿದರೆ ಹಿತವಾಗಿರುತ್ತದೆ. ನಮ್ಮ ಅಜ್ಜಿ, "ಗಂಗವ್ವ ಹೊದ್ದುಕೊಂಡು ಮಲಗಿದ್ದಾಳೆ" ಅನ್ನುತ್ತಿದ್ದರು.

ಹಿನ್ನೀರು_ಬಾಗಲಕೋಟೆ:
ಗೋಕಾಕದ ಅಣ್ಣಾರೇ, ಈಗ ಅರ್ಥವಾಯಿತು. ಹಿಟ್ಟಿನ ಗಾಳಕ್ಕೆ ಬೆಂಡು ಮುಳುಗುವುದನ್ನೇ ಕಾಯುವ ನನಗೆ ಲೈನ್ ನೋಡುವುದು ಹೊಸದು. ಇನ್ನೊಂದು ಪ್ರಶ್ನೆ. ಎಷ್ಟು ಗಂಟೆಗೆ ಹೋಗಬೇಕು? ನಾವಿಲ್ಲಿ ನಸುಕಿನಲ್ಲೇ ಹೋಗುವವರು.

ಗೋಕಾಕದವ:
ನಸುಕು ಬೇಡ. ರಾಡಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟಿ ಲೈನ್ ಓಡುವುದಿಲ್ಲ. ಬಿಸಿಲು ಬಿದ್ದು ನೀರು ಸ್ವಲ್ಪ ಕಾಯಲಿ, ಮಧ್ಯಾಹ್ನ ಹನ್ನೆರಡರಿಂದ ಮೂರೂವರೆ ಸಾಕು. ವೇಡರ್ (ನೀರಿಗೆ ಇಳಿಯಲು ಹಾಕುವ, ಎದೆವರೆಗಿನ ನೀರು ನುಗ್ಗದ ಪ್ಯಾಂಟು) ಹಾಕಿದರೆ ಸೊಂಟದ ಬೆಲ್ಟ್ ಬಿಗಿಯಾಗಿ ಕಟ್ಟಿ, ಬಿದ್ದರೆ ಒಳಗೆ ನೀರು ತುಂಬಬಾರದು. ಮೊಣಕಾಲಿಗಿಂತ ಆಳಕ್ಕೆ ಒಬ್ಬರೇ ಇಳಿಯಬೇಡಿ. ಕಾರಿನಲ್ಲಿ ಒಂದು ಜೊತೆ ಒಣ ಬಟ್ಟೆ ಇರಲಿ. ಲೈಸನ್ಸ್ ಮಾಡಿಸದೆ ಗಾಳ ನೀರಿಗೆ ಹಾಕಬೇಡಿ, ತಮ್ಮನಿಗೆ ಈಗಲೇ ಹೇಳಿ.

ಇಲ್ಲಿ ಅಭ್ಯಾಸ ಮಾಡುವಾಗ ಗಾಳದ ಬದಲು ಉಣ್ಣೆ ದಾರದ ತುಂಡು ಕಟ್ಟಿ. ಕಿವಿಗೆ, ಕಣ್ಣಿಗೆ ಅಪಾಯವಿಲ್ಲ.

ಹಿನ್ನೀರು_ಬಾಗಲಕೋಟೆ:
ಕೆಂಪು ಉಣ್ಣೆ ಇವತ್ತೇ ಕಟ್ಟಿದೆ, ದೂರದಿಂದಲೂ ಕಾಣುತ್ತದೆ. ಥರ್ಮಾಮೀಟರ್ ಕೂಡ ತಂದೆ. ಬಾದಾಮಿಯವರೇ, ಭಾನುವಾರ ಆರು ಗಂಟೆಗೆ ಮಹಾಕೂಟಕ್ಕೆ ಬರುತ್ತೇನೆ. ಗಾಳ ತರುವುದಿಲ್ಲ, ಅದು ದೇವರ ಹೊಂಡ. ನೀರಿನ ಬಿಸಿ ಎಷ್ಟಿದೆ ಅಂತ ಅಳೆದು ಇಲ್ಲೇ ಬರೆಯುತ್ತೇನೆ.

ಬಾದಾಮಿ_ಬನಶಂಕರಿ:
ಬನ್ನಿ ಸರ್. ಟವೆಲ್ ತನ್ನಿ, ಸ್ನಾನವೂ ಆಗಲಿ. ಆಮೇಲೆ ನಮ್ಮ ಮನೆಯಲ್ಲಿ ರೊಟ್ಟಿ.