ಈ ಮೇ ತಿಂಗಳು ಹೊರಡುವುದಿಲ್ಲ, ಮಾವ

ಮಾವ, ನೀವು ರಾತ್ರಿ ಹತ್ತೂವರೆಗೆ ಹಾಕಿದ ವಾಯ್ಸ್ ಮೆಸೇಜ್ ಇಲ್ಲಿ ಬೆಳಿಗ್ಗೆ ಆರಕ್ಕೆ ಬಂತು. ಚಹಾ ಮಾಡಿಕೊಂಡು ಕೂತು ಎರಡು ಸಲ ಕೇಳಿದೆ. ಹಾಯಿದೋಣಿಯಲ್ಲಿ ಫಿಜಿಗೆ ಹೊರಡುವುದು ಮೇ ತಿಂಗಳು, ಮೇ ತಿಂಗಳು ಎಂದು ದೀಪಾವಳಿಯಿಂದ ಅಂತಿದ್ದವರು ಈಗ ಮುಂದಿನ ವರ್ಷ ಅಂತೀರಲ್ಲ, ಯಾಕೆ ಎಂದು ಕೇಳಿದಿರಿ. ಚೆನ್ನಾಗಿ ಓಡುತ್ತಿದ್ದ ದೋಣಿಯನ್ನು ಬಿಚ್ಚಿ ಹಾಕಿ ದುಡ್ಡು ಸುರಿಯುವುದು ಯಾಕೆ ಎಂದೂ ಕೇಳಿದಿರಿ. ಹಿಂದಿನಿಂದ ಅತ್ತೆ "ಹೆದರಿಕೆ ಆಗಿದ್ರೆ ಬೇಡ ಬಿಡಿ ಮಕ್ಕಳೇ" ಎಂದದ್ದೂ ಕೇಳಿಸಿತು. ಚುಟುಕಾಗಿ ಹೇಳಿದರೆ ನಿಮಗೆ ಸಮಾಧಾನ ಆಗುವುದಿಲ್ಲ, ನನಗೂ ಆಗುವುದಿಲ್ಲ. ಹಾಗಾಗಿ ಉದ್ದಕ್ಕೇ ಹೇಳುತ್ತೇನೆ. ಎಲ್ಲರೂ ಪುರುಸೊತ್ತಾದಾಗ ಕೇಳಿ.

ನಮ್ಮ ಮನೆಯವರ ಈ ಗ್ರೂಪಿಗೆ ಹೊಸದಾಗಿ ಸೇರಿದವರಿಗೆ ಒಂದು ಮಾತು. ನಾವಿರುವುದು ನ್ಯೂಜಿಲೆಂಡಿನ ಉತ್ತರದ ವಾಂಗರೇ ಊರಿನಲ್ಲಿ. ಎರಡು ವರ್ಷದ ಹಿಂದೆ ನಾನೂ ಇವರೂ ಸೇರಿ ಒಂದು ಹಾಯಿದೋಣಿ ಕೊಂಡೆವು. 38 ಅಡಿ ಉದ್ದ, ಫೈಬರ್ ದೋಣಿ, 1984ರಲ್ಲಿ ಕಟ್ಟಿದ್ದು. ಇಲ್ಲಿಂದ ಫಿಜಿಗೆ ಸುಮಾರು 1,100 ನಾಟಿಕಲ್ ಮೈಲಿ. ನಮ್ಮ ದೋಣಿಯ ವೇಗಕ್ಕೆ ಒಂಬತ್ತು, ಹತ್ತು ದಿನದ ದಾರಿ. ಮಧ್ಯದಲ್ಲಿ ನಿಲ್ಲಲು ಒಂದು ಊರಿಲ್ಲ. ಸದ್ಯಕ್ಕೆ ದೋಣಿ ರಿಪೇರಿ ಯಾರ್ಡಿನಲ್ಲಿ ಕಬ್ಬಿಣದ ಊರುಗೋಲುಗಳ ಮೇಲೆ ನಿಂತಿದೆ. ನಾವು ಏಣಿ ಹತ್ತಿ ಇಳಿದು ಕೆಲಸ ಮಾಡುತ್ತಿದ್ದೇವೆ.

ಈಗ ವಿಷಯಕ್ಕೆ ಬರುತ್ತೇನೆ. ಹಾಯಿ ಕಟ್ಟುವ ಎತ್ತರದ ಕಂಬವನ್ನು, ಅಂದರೆ ಕೂವೆಮರವನ್ನು, ನೆಟ್ಟಗೆ ನಿಲ್ಲಿಸುವುದು ಸುತ್ತಲಿನ ಸ್ಟೀಲ್ ತಂತಿಗಳು, ಅದು ನಿಮಗೆ ಗೊತ್ತೇ ಇದೆ. ಆ ತಂತಿಗಳ ಬುಡ ಸೇರುವುದು ದಪ್ಪ ಸ್ಟೀಲ್ ಪಟ್ಟಿಗಳಿಗೆ. ಇಲ್ಲಿ ಅದಕ್ಕೆ ಚೈನ್‌ಪ್ಲೇಟ್ ಅಂತಾರೆ. ನಮ್ಮ ದೋಣಿಯಲ್ಲಿ ಎಂಟು ಇವೆ. ಪಟ್ಟಿ ಡೆಕ್ಕನ್ನು, ಅಂದರೆ ದೋಣಿಯ ಮೇಲ್ಹಾಸನ್ನು, ತೂರಿಕೊಂಡು ಕೆಳಗಿಳಿದು ಒಳಗಡೆ ಬೋಲ್ಟಿನಲ್ಲಿ ಕೂತಿರುತ್ತದೆ. ಮೇಲೆ ಕಾಣುವ ಭಾಗ ಫಳಫಳ ಹೊಳೆಯುತ್ತದೆ. ಒಳಗಿನ ಭಾಗವನ್ನೂ ಕಪಾಟು ತೆಗೆದು ನೋಡಬಹುದು. ಡೆಕ್ಕಿನ ದಪ್ಪದಲ್ಲಿ ಹುದುಗಿರುವ ಒಂದೂವರೆ ಇಂಚು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಫೆಬ್ರವರಿಯಲ್ಲಿ ನಾನು ಸಾಂಬಾರ ಡಬ್ಬಿ ಇಡುವ ಕಪಾಟು ಒರೆಸುವಾಗ ಹಿಂದಿನ ಗೋಡೆಯಲ್ಲಿ ಒಂದು ಕಂದು ಗೆರೆ ಕಂಡಿತು. ಚಹಾ ಇಳಿದ ಹಾಗೆ ಸಣ್ಣ ಗೆರೆ. ಒರೆಸಿದೆ. ಮರುವಾರ ಮತ್ತೆ ಬಂತು. ಇವರು ಆ ಪಟ್ಟಿಯನ್ನು ಬಿಚ್ಚಿ ಹೊರಗೆಳೆದರು. ಡೆಕ್ಕಿನೊಳಗೆ ಇದ್ದ ಜಾಗದಲ್ಲಿ ಬಿರುಕು. ಉಗುರು ಸಿಕ್ಕಿಕೊಳ್ಳುವಷ್ಟು. ಪಟ್ಟಿಯ ಅಗಲದಲ್ಲಿ ಹತ್ತಿರ ಹತ್ತಿರ ಅರ್ಧದವರೆಗೆ ಓಡಿತ್ತು.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುತ್ತದಾ ಎಂದು ಅಮ್ಮ ಕೇಳಿದಳು. ಹಿಡಿಯುತ್ತದೆ ಅಮ್ಮ. ಗಾಳಿ ಆಡುತ್ತಿದ್ದರೆ ಅದರ ಮೈಮೇಲೆ ತೆಳ್ಳಗೆ ಒಂದು ಪೊರೆ ಇರುತ್ತದೆ, ಅದೇ ಅದನ್ನು ಕಾಯುವುದು. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ಹಾಗೇ ನಿಂತುಬಿಟ್ಟರೆ ಆ ಪೊರೆ ಹೋಗುತ್ತದೆ, ಮತ್ತೆ ಕಟ್ಟುವುದಿಲ್ಲ. ಆಮೇಲೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ದೋಣಿ ಕೊಳ್ಳುವಾಗ ಪರೀಕ್ಷೆ ಮಾಡಿದವರು ಎಲ್ಲ ಚೆನ್ನಾಗಿದೆ ಎಂದೇ ಬರೆದುಕೊಟ್ಟಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಿಚ್ಚದೆ ಅದು ಕಾಣುವಂಥದ್ದೇ ಅಲ್ಲ.

ಆ ಪಟ್ಟಿ ಕಡಲ ಮಧ್ಯೆ ತುಂಡಾಗಿದ್ದರೆ ಕೂವೆಮರ ಬೀಳುತ್ತಿತ್ತು. ಬಿದ್ದರೆ ಅಲ್ಲಿಗೇ ಮುಗಿಯುವುದಿಲ್ಲ. ಮುರಿದ ಮರ ಉಳಿದ ತಂತಿಗಳಲ್ಲಿ ನೇತಾಡಿಕೊಂಡು ಪ್ರತಿ ಅಲೆಗೂ ದೋಣಿಯ ಒಡಲಿಗೆ ಗುದ್ದುತ್ತದೆ. ಒಡಲು ಒಡೆಯುವ ಮೊದಲು ತಂತಿಗಳನ್ನು ಕತ್ತರಿಸಿ ಮರವನ್ನು ಕಡಲಿಗೆ ಬಿಡಬೇಕು. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ನೆನಪಿದೆಯಲ್ಲ? 2018ರ ಸೆಪ್ಟೆಂಬರಿನಲ್ಲಿ ಒಬ್ಬರೇ ಭೂಮಿ ಸುತ್ತುವ ರೇಸಿನಲ್ಲಿದ್ದಾಗ, ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ಅವರ ದೋಣಿಯ ಕೂವೆಮರ ಮುರಿಯಿತು. ಬೆನ್ನಿಗೆ ಪೆಟ್ಟಾಗಿ ಏಳಲಾಗದೆ ದೋಣಿಯೊಳಗೆ ಮಲಗಿದ್ದರು. ಆಸ್ಟ್ರೇಲಿಯಾದ ಪರ್ತ್ ಊರಿನಿಂದ ಸುಮಾರು 1,900 ನಾಟಿಕಲ್ ಮೈಲಿ ದೂರ. ಫ್ರಾನ್ಸಿನ ಒಂದು ಹಡಗು ಹೋಗಿ ಅವರನ್ನು ಎತ್ತಿಕೊಳ್ಳುವ ಹೊತ್ತಿಗೆ ಮೂರು ದಿನ ಆಗಿತ್ತು. ಅಂಥ ಅನುಭವಿಗೇ ಹಾಗಾಯಿತು. ಅದೇ ಮನುಷ್ಯ ಮತ್ತೆ ಅದೇ ರೇಸಿಗೆ ಹೋಗಿ 2023ರಲ್ಲಿ ಎರಡನೆಯವರಾಗಿ ಬಂದರು. ಅವರನ್ನು ನೆನೆಸಿಕೊಂಡರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ಬಿರುಗಾಳಿ ತಂದ ಕಷ್ಟ ಬೇರೆ. ಬಿರುಕು ಇದೆ ಎಂದು ಕಣ್ಣಾರೆ ಕಂಡೂ ಹೊರಡುವುದು ಬೇರೆ, ಅಲ್ವಾ ಮಾವ?

ಒಂದರಲ್ಲಿ ಕಂಡ ಮೇಲೆ ಉಳಿದ ಏಳನ್ನು ಹೇಗೆ ನಂಬುವುದು? ಎಂಟನ್ನೂ ತೆಗೆದೆವು. ಇನ್ನೆರಡರಲ್ಲಿ ಬಿರುಕು ಶುರುವಾಗಿತ್ತು. ಪಟ್ಟಿ ಹೊಸದು ಹಾಕಿ ತಂತಿ ಹಳೆಯದು ಬಿಡುವುದು ಸರಿಯಲ್ಲ, ಅದಕ್ಕೂ ಹದಿನೈದು ವರ್ಷ ಮೇಲಾಗಿದೆ. ಪಟ್ಟಿಯ ಸಂದಿಯಿಂದ ನೀರಿಳಿದು ಡೆಕ್ಕಿನೊಳಗಿನ ಮರವೂ ಎರಡು ಕಡೆ ಮೆತ್ತಗಾಗಿದೆ. ಅದನ್ನು ಕೆತ್ತಿ ತೆಗೆದು, ಒಣಗಿಸಿ, ಹೊಸತು ಕೂರಿಸಬೇಕು. ಹೀಗೆ ಬೆಳೆಯಿತು ಕೆಲಸ. ದುಡ್ಡಿನ ಮಾತು ಮುಚ್ಚಿಡುವುದಿಲ್ಲ. ದೋಣಿ ಕೊಂಡ ಬೆಲೆಯ ಅರ್ಧದಷ್ಟು ಈಗಾಗಲೇ ಹೋಗಿದೆ. ಆದರೆ ಕುರ್ಚಿಯ ಬಟ್ಟೆಗೆ, ದೊಡ್ಡ ಸ್ಕ್ರೀನಿಗೆ, ಮೇಲಿನ ಬಣ್ಣಕ್ಕೆ ಒಂದು ರೂಪಾಯಿಯನ್ನೂ ಹಾಕಿಲ್ಲ. ನೋಡಲು ನಮ್ಮ ದೋಣಿ ಹಳೆಯದಾಗಿಯೇ ಇರಲಿ.

ಹಾಗಿದ್ದರೆ ಜುಲೈಗೆ ಮುಗಿಸಿ ಹೊರಡಿ, ಒಂದು ವರ್ಷ ಯಾಕೆ ಎಂದು ಭಾವ ಬರೆದಿದ್ದಾರೆ. ಭಾವ, ಇಲ್ಲಿನ ಲೆಕ್ಕ ನಮ್ಮ ಕರಾವಳಿಯದ್ದಕ್ಕೆ ತಿರುಗುಮುರುಗು. ಅಲ್ಲಿ ಜೂನ್, ಜುಲೈ ಮೀನುಗಾರಿಕೆ ಬಂದ್. ಇಲ್ಲಿ ಫಿಜಿ, ಟೊಂಗಾ ಕಡೆ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಮೇ ತಿಂಗಳಲ್ಲಿ ಉತ್ತರಕ್ಕೆ ಹೋಗಿ ಅಕ್ಟೋಬರ್ ಕೊನೆಗೆ ದಕ್ಷಿಣಕ್ಕೆ ತಿರುಗಬೇಕು. ಜುಲೈ ಅಂದರೆ ಇಲ್ಲಿ ನಡು ಚಳಿಗಾಲ. ಗಟ್ಟಿ ಗಾಳಿಯ ಮಳೆ ಒಂದರ ಹಿಂದೆ ಒಂದು ಪಶ್ಚಿಮದಿಂದ ಬರುತ್ತಲೇ ಇರುತ್ತದೆ. ಒಂದು ದಾಟಿದ ಕೂಡಲೇ ಅದರ ಬೆನ್ನಿಗೆ ಬರುವ ನೈಋತ್ಯ ಗಾಳಿ ಹಿಡಿದು ಹೊರಡುವುದು ಇಲ್ಲಿನವರ ರೂಢಿ. ಆ ಸಂದು ಚಳಿಗಾಲದಲ್ಲಿ ಸಣ್ಣದಾಗುತ್ತದೆ. 1994ರ ಜೂನ್ ತಿಂಗಳ ಬಿರುಗಾಳಿಯ ಕಥೆ ಯಾರ್ಡಿನ ಹಿರಿಯರ ಬಾಯಲ್ಲಿ ಇನ್ನೂ ಇದೆ. ನ್ಯೂಜಿಲೆಂಡಿನಿಂದ ಉತ್ತರಕ್ಕೆ ಹೊರಟಿದ್ದ ಹಾಯಿದೋಣಿಗಳು ಅದರ ನಡುವೆ ಸಿಕ್ಕಿಬಿದ್ದವು. ಒಂದು ದೋಣಿಯ ಮೂವರು ತೀರಿಹೋದರು. 21 ಜನರನ್ನು ಬೇರೆ ಬೇರೆ ದೋಣಿಗಳಿಂದ ಎತ್ತಿಕೊಂಡರು. ಅವರು ಬಿಟ್ಟುಬಂದ ದೋಣಿಗಳಲ್ಲಿ ಕೆಲವು ಆಮೇಲೂ ತೇಲುತ್ತಲೇ ಇದ್ದವು.

ಇಲ್ಲಿ ನೋಂದಾಯಿಸಿದ ದೋಣಿ ದೇಶ ಬಿಟ್ಟು ಹೊರಡಬೇಕಾದರೆ ಕೆಟಗರಿ ಒನ್ ಎಂಬ ಸುರಕ್ಷತಾ ಪರೀಕ್ಷೆ ಪಾಸಾಗಬೇಕು. ಲೈಫ್‌ರಾಫ್ಟ್ ಎಂಬ ಜೀವರಕ್ಷಕ ತೆಪ್ಪ, ಬಿರುಗಾಳಿಯ ಸಣ್ಣ ಹಾಯಿ, ಔಷಧಿ, ಪಂಪು, ಎಲ್ಲ ಸರಿ ಇದೆಯಾ ಎಂದು ನೋಡುತ್ತಾರೆ. ಅತ್ತೆ, ಇದು ನಿಮ್ಮ ಸಮಾಧಾನಕ್ಕೆ ಹೇಳಿದ್ದು.

ಇನ್ನೊಂದು ಕೆಲಸ ನೀರಿನ ವಾಲ್ವುಗಳದ್ದು. ಇಂಜಿನ್ ತಣಿಸಲು, ಸಿಂಕಿಗೆ, ಟಾಯ್ಲೆಟ್ಟಿಗೆ ಎಂದು ದೋಣಿಯ ತಳದಲ್ಲಿ ಒಂಬತ್ತು ತೂತುಗಳಿವೆ. ಪ್ರತಿ ತೂತಿಗೂ ಒಂದು ವಾಲ್ವ್. ಅವು ಕಂಚಿನವು ಎಂದುಕೊಂಡಿದ್ದೆವು. ಚಾಕುವಿನಿಂದ ಕೆರೆದು ನೋಡಿದಾಗ ಎರಡರ ಬಣ್ಣ ಗುಲಾಬಿ. ಅಂದರೆ ಅವು ಹಿತ್ತಾಳೆಯವು. ಹಿತ್ತಾಳೆಯೊಳಗಿನ ಸತುವನ್ನು ಕಡಲ ನೀರು ಹೀರಿಕೊಂಡು ಬರೀ ಟೊಳ್ಳು ತಾಮ್ರ ಉಳಿಸಿತ್ತು. ಒಂದನ್ನು ಇವರು ಸ್ಪ್ಯಾನರ್ ಹಿಡಿದು ತಿರುಗಿಸಿದರೆ ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂತು. ಒಂದೂವರೆ ಇಂಚಿನ ತೂತು ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗಿದ್ದರೆ ನಿಮಿಷಕ್ಕೆ ನೂರು ಲೀಟರಿಗೂ ಜಾಸ್ತಿ ನೀರು ಒಳಗೆ ಬರುತ್ತದೆ. ಹತ್ತು ನಿಮಿಷಕ್ಕೆ ಒಂದು ಟನ್. ಈಗ ಒಂಬತ್ತೂ ಹೊಸದು. ಪ್ರತಿಯೊಂದರ ಪಕ್ಕಕ್ಕೂ ಮರದ ಬೆಣೆಯನ್ನು ದಾರದಲ್ಲಿ ಕಟ್ಟಿಟ್ಟಿದ್ದೇನೆ. ಕತ್ತಲೆಯಲ್ಲೂ ಕೈಗೆ ಸಿಗಬೇಕು.

ಡೀಸೆಲ್ ಟ್ಯಾಂಕಿನ ಬಗ್ಗೆ ನಿಮಗೆ ಹೇಳಬೇಕಾಗಿಯೇ ಇಲ್ಲ ಮಾವ. ಗಂಗೊಳ್ಳಿಯ ಅಳಿವೆಯಲ್ಲಿ ನಿಮ್ಮ ಬೋಟಿನ ಇಂಜಿನ್ ನಿಂತ ದಿನ ನಾನು ಏಳನೇ ಕ್ಲಾಸು. ದಕ್ಕೆಯಲ್ಲಿ ಅಮ್ಮನ ಸೆರಗು ಹಿಡಿದು ನಿಂತಿದ್ದೆ. ಟ್ಯಾಂಕಿನ ಅಡಿಯ ಕೆಸರು ತೆರೆಗೆ ಕದಡಿ ಫಿಲ್ಟರಿಗೆ ಸಿಕ್ಕಿಕೊಂಡಿತ್ತು ಎಂದು ಆಮೇಲೆ ನೀವೇ ಹೇಳಿದಿರಿ. ಸುಮ್ಮನಿದ್ದ ನೀರಿನಲ್ಲಿ ಓಡುತ್ತಿದ್ದ ಇಂಜಿನ್ ತೆರೆಯಲ್ಲೇ ನಿಲ್ಲುವುದು ಎಂಬ ನಿಮ್ಮ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. ಟ್ಯಾಂಕು ಕತ್ತರಿಸಿ ತೆರೆದು ತೊಳೆಸಿದ್ದೇವೆ. ಎರಡು ಅಂಗುಲ ಕಪ್ಪು ಕೆಸರು ಬಂತು.

ರಾತ್ರಿ ಹಗಲು ಚುಕ್ಕಾಣಿ ಹಿಡಿಯುವವರು ಯಾರು ಎಂದು ಪುಟ್ಟಿ ಕೇಳಿದ್ದಾಳೆ. ಪುಟ್ಟಿ, ದೋಣಿಯ ಹಿಂದೆ ಒಂದು ಯಂತ್ರ ಕೂರಿಸುತ್ತಿದ್ದೇವೆ. ಅದಕ್ಕೆ ಕರೆಂಟ್ ಬೇಡ. ಮೇಲೆ ಒಂದು ಹಲಗೆ, ಕೆಳಗೆ ನೀರಿನಲ್ಲಿ ಒಂದು ಹುಟ್ಟು. ದೋಣಿ ದಾರಿ ತಪ್ಪಿದರೆ ಗಾಳಿ ಹಲಗೆಯನ್ನು ಪಕ್ಕಕ್ಕೆ ಬಗ್ಗಿಸುತ್ತದೆ. ಹಲಗೆ ಹುಟ್ಟನ್ನು ಸ್ವಲ್ಪ ತಿರುಗಿಸುತ್ತದೆ. ಓಡುವ ನೀರು ಆ ಹುಟ್ಟನ್ನು ಜೋರಾಗಿ ಬದಿಗೆ ತಳ್ಳುತ್ತದೆ. ಆ ಎಳೆತವೇ ಹಗ್ಗದ ಮೂಲಕ ಚುಕ್ಕಾಣಿಯನ್ನು ತಿರುಗಿಸುತ್ತದೆ. ದೋಣಿ ಸರಿದಾರಿಗೆ ಬಂದರೆ ಹಲಗೆ ತಾನಾಗಿ ಎದ್ದು ನಿಲ್ಲುತ್ತದೆ. ಇದನ್ನು ಕಂಡುಹಿಡಿದವರಿಗೆ ಕೈ ಮುಗಿಯಬೇಕು ಎನಿಸುತ್ತದೆ. ಇಬ್ಬರೇ ಇರುವ ದೋಣಿಯಲ್ಲಿ ಅದು ಮೂರನೆಯ ಆಳು. ಆದರೆ ಚುಕ್ಕಾಣಿಯೇ ಕೆಟ್ಟರೆ ಅದೂ ಏನೂ ಮಾಡಲಾರದು. ನಮ್ಮ ನೌಕಾಪಡೆಯ ಹೆಣ್ಣುಮಕ್ಕಳು ಆರು ಜನ ತಾರಿಣಿ ಎಂಬ ಹಾಯಿದೋಣಿಯಲ್ಲಿ ಭೂಮಿ ಸುತ್ತಿದಾಗ, 2018ರಲ್ಲಿ ಗೋವಾಕ್ಕೆ ವಾಪಸು ಬರುವ ದಾರಿಯಲ್ಲಿ ಚುಕ್ಕಾಣಿಯ ಯಂತ್ರ ಕೆಟ್ಟು ಮಾರಿಷಸ್ಸಿನಲ್ಲಿ ನಿಲ್ಲಬೇಕಾಯಿತು. ಹಾಗಾಗಿ ನಮ್ಮ ಚುಕ್ಕಾಣಿಯನ್ನೂ ಕೆಳಗಿಳಿಸಿ ನೋಡುತ್ತಿದ್ದೇವೆ.

ಸಂಜೆ ನನ್ನ ಕೆಲಸ ಹೊಲಿಗೆ. ಅಮ್ಮ ಕಲಿಸಿದ್ದು ಈಗ ಉಪಯೋಗಕ್ಕೆ ಬಂತು. ಬಿರುಗಾಳಿಯಲ್ಲಿ ದೋಣಿ ಅಲೆಯ ಇಳಿಜಾರಿನಲ್ಲಿ ಜಾರಿ ಮಗುಚದ ಹಾಗೆ ಹಿಂದಿನಿಂದ ಹಿಡಿದೆಳೆಯಲು ಒಂದು ಉದ್ದ ಹಗ್ಗ ಇರುತ್ತದೆ. ಅದಕ್ಕೆ ನೂರಕ್ಕೂ ಹೆಚ್ಚು ಬಟ್ಟೆಯ ಶಂಕುಗಳು. ಒಂದೊಂದೂ ಅಂಗೈ ಅಗಲದ್ದು, ಮಸಾಲೆ ಕಡಲೆ ಕಟ್ಟುವ ಪೊಟ್ಟಣದ ಆಕಾರ. ಒಂದು ದೊಡ್ಡ ಬ್ರೇಕಿಗಿಂತ ನೂರು ಸಣ್ಣ ಬ್ರೇಕು ಒಳ್ಳೆಯದು, ಯಾಕೆಂದರೆ ಒಂದು ಅಲೆ ಕೆಲವನ್ನು ಸಡಿಲ ಮಾಡಿದರೂ ಉಳಿದವು ಹಿಡಿದುಕೊಂಡಿರುತ್ತವೆ. 1979ರಲ್ಲಿ ಫಾಸ್ಟ್‌ನೆಟ್ ಎಂಬ ಹಾಯಿದೋಣಿ ರೇಸಿನಲ್ಲಿ 15 ಜನ ಸ್ಪರ್ಧಿಗಳು ತೀರಿಕೊಂಡ ಮೇಲೆ ಡೊನಾಲ್ಡ್ ಜಾರ್ಡನ್ ಎಂಬ ಇಂಜಿನಿಯರ್ ಇದನ್ನು ರೂಪಿಸಿದರು. ನಿನ್ನೆಗೆ 64 ಮುಗಿಸಿದ್ದೇನೆ. ಹೊಲಿಯುವಾಗ ದೊಡ್ಡಪ್ಪ ಅಂಗಳದಲ್ಲಿ ಕೂತು ಬಲೆ ತೇಪೆ ಹಾಕುತ್ತಿದ್ದದ್ದು ನೆನಪಾಗುತ್ತದೆ.

ಊಟದ ಚಿಂತೆ ಯಾರೂ ಮಾಡಬೇಡಿ. ಕುಚ್ಚಲಕ್ಕಿ, ಅವಲಕ್ಕಿ, ಹೆಸರುಬೇಳೆ ಸಾಕಷ್ಟಿದೆ. ತೊನೆದಾಡುವ ದೋಣಿಯಲ್ಲಿ ಮುಚ್ಚಳ ಬಿಗಿಯುವ ಕುಕ್ಕರಿನಂಥ ಪಾತ್ರೆ ಇನ್ನೊಂದಿಲ್ಲ. ಅಮ್ಮ, ಇನ್ನೊಂದು ವಿಷಯ. ತುರ್ತಿಗೆ ಒತ್ತುವ ಒಂದು ಪೆಟ್ಟಿಗೆ ಇದೆ. ಒತ್ತಿದರೆ ಉಪಗ್ರಹದ ಮೂಲಕ ನ್ಯೂಜಿಲೆಂಡಿನ ರಕ್ಷಣಾ ಕೇಂದ್ರಕ್ಕೆ ಗೊತ್ತಾಗುತ್ತದೆ. ಅವರು ನೋಡಿಕೊಳ್ಳುವ ಕಡಲೇ ಸುಮಾರು ಮೂರು ಕೋಟಿ ಚದರ ಕಿಲೋಮೀಟರು. ಅಷ್ಟು ದೊಡ್ಡದು ಎಂಬುದನ್ನೂ ನಾನು ಮರೆಯುವುದಿಲ್ಲ. ಹಡಗು ನಮ್ಮ ಹತ್ತಿರ ಬರಲು ದಿನಗಳೇ ಬೇಕಾಗಬಹುದು. ಅಲ್ಲಿಯವರೆಗೆ ದೋಣಿ ತೇಲುತ್ತಿರಬೇಕು. ಅದಕ್ಕೇ ಈ ವರ್ಷ ಬಿಚ್ಚುತ್ತಿರುವುದು.

ಅತ್ತೆ, ಹೆದರಿಕೆ ಇದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಹೋಗಬೇಕೆಂಬ ಆಸೆ ಅದಕ್ಕಿಂತ ಜಾಸ್ತಿ ಇದೆ.

ಮಾವ, ನಿಮ್ಮಿಂದ ಒಂದು ಸಹಾಯ ಬೇಕು. ಈ ಮೆಸೇಜಿನ ಕೆಳಗೆ ಚುಕ್ಕಾಣಿಯ ಮೂರು ಫೋಟೋ ಹಾಕುತ್ತೇನೆ. ಕೆಳಗಿನ ಬೇರಿಂಗ್ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಂದು ನೂಲಿನಷ್ಟು ಆಟ ಇದೆ. ಯಾರ್ಡಿನವರು ಇನ್ನೂ ಎರಡು ವರ್ಷ ನಡೆಯುತ್ತದೆ ಎನ್ನುತ್ತಾರೆ. ಇವರು ಬದಲಾಯಿಸೋಣ ಎನ್ನುತ್ತಾರೆ. ನೀವು ಕನ್ನಡಕ ಹಾಕಿಕೊಂಡು, ಫೋಟೋ ದೊಡ್ಡದು ಮಾಡಿ ನೋಡಿ. ನಿಮ್ಮ ಬೋಟಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಹೇಳಿ. ಸೋಮವಾರ ಆರ್ಡರ್ ಕೊಡಬೇಕು.