ಪದ ಬೇಕು: ‘ಕ್ರಾಲ್ ಸ್ಪೇಸ್’ಗೆ ಏನಂತೀರಿ? ನಾಳೆ ಸಂಜೆಯೊಳಗೆ

ಗೆಳೆಯರೇ,

ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ರಾಲಿ ಹತ್ತಿರ. ಇಲ್ಲಿ ಹೊಸದಾಗಿ ಮನೆ ಕೊಳ್ಳುವ ಕನ್ನಡದವರಿಗೆ, ಅವರ ಜೊತೆ ಬಂದಿರುವ ಅಪ್ಪ ಅಮ್ಮಂದಿರಿಗೆ ನಾಲ್ಕು ಪುಟದ ಕೈಪಿಡಿ ಮಾಡುತ್ತಿದ್ದೇವೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೂರು ಪದ ಸಿಗುತ್ತಿಲ್ಲ: ಕ್ರಾಲ್ ಸ್ಪೇಸ್, ಇನ್ಸುಲೇಷನ್ (ಬಿಸಿ ಸೋರದಂತೆ ಹೊದಿಕೆ ಹಾಕುವುದು), ಏರ್ ಸೀಲಿಂಗ್ (ಗಾಳಿ ನುಸುಳುವ ತೂತು ಮುಚ್ಚುವುದು).

ಇಲ್ಲಿ ಎಷ್ಟೋ ಮನೆಗಳ ಮರದ ನೆಲ ಮಣ್ಣಿಗೆ ತಾಗಿರುವುದಿಲ್ಲ. ನಡುವೆ ಎರಡು ಮೂರು ಅಡಿ ಖಾಲಿ ಜಾಗ, ಅದೇ ಕ್ರಾಲ್ ಸ್ಪೇಸ್. ಮಂಡಿಯೂರಿಯೇ ಒಳಗೆ ಹೋಗಬೇಕು. ನೀರಿನ ಪೈಪು, ಗಾಳಿಯ ಕೊಳವೆ ಎಲ್ಲ ಅಲ್ಲೇ. ಕಳೆದ ಜನವರಿಯಲ್ಲಿ ಹಾಸನದಿಂದ ಬಂದಿದ್ದ ಅಮ್ಮ ಎರಡೆರಡು ಕಾಲುಚೀಲ ಹಾಕಿಕೊಂಡು ಅಡುಗೆ ಮಾಡಿದರು. ನೆಲ ಅಷ್ಟು ತಣ್ಣಗೆ. ಟಾರ್ಚ್ ಹಿಡಿದು ಒಳಗೆ ನುಸುಳಿ ನೋಡಿದೆ. ನೆಲದ ಅಡಿಗೆ ಸಿಕ್ಕಿಸಿದ್ದ, ಗಾಜಿನ ಎಳೆಯ ಹೊದಿಕೆಯಾದ ಫೈಬರ್‌ಗ್ಲಾಸ್ ಅರ್ಧ ಕಳಚಿ ನೇತಾಡುತ್ತಿತ್ತು.

ಕಂಪ್ಯೂಟರ್ ಅನುವಾದ ‘ತೆವಳುವ ಸ್ಥಳ’, ‘ವಾಯು ಮೊಹರು’ ಎಂದು ಕೊಟ್ಟಿತು. ಅಮ್ಮನಿಗೆ ಓದಿ ಹೇಳಿದೆ. ಒಂದೂ ತಿಳಿಯಲಿಲ್ಲ. ದಯವಿಟ್ಟು ಬೇಗ ಹೇಳಿ.

---

ಬೆಂಗಳೂರಿನಿಂದ:

ನೆಲಮಾಳಿಗೆ ಅಂತ ಇದೆಯಲ್ಲ. ಉಳಿದ ಎರಡಕ್ಕೂ ‘ಉಷ್ಣತಡೆ’ ಸಾಕು.

---

ಮೈಸೂರಿನಿಂದ:

ನೆಲಮಾಳಿಗೆ ಖಂಡಿತ ಅಲ್ಲ. ಅದು ಇಳಿದು ಹೋಗಿ ನಿಂತು ಓಡಾಡುವ ಕೋಣೆ. ‘ಉಷ್ಣತಡೆ’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ ತಪ್ಪು ಜೋಡಣೆ. ಇದನ್ನು ಎಷ್ಟು ಸಲ ಹೇಳಬೇಕು?

‘ತೆವಳು’ ಕೂಡ ಬೇಡ. ತೆವಳುವುದು ಹೊಟ್ಟೆಯ ಮೇಲೆ. ಮಂಡಿಯೂರಿ ಹೋಗುವುದು ಅಂಬೆಗಾಲು. ಅದಿರಲಿ, ಒಳಗೆ ಹೇಗೆ ಹೋಗುತ್ತೀರಿ ಎಂದು ನೋಡಿ ಹೆಸರಿಟ್ಟಿದ್ದು ಇಂಗ್ಲಿಷ್. ನಮ್ಮ ಮನೆಯ ಮಾತುಗಳು ಜಾಗ ಎಲ್ಲಿದೆ ಎಂದು ಹೇಳುತ್ತವೆ: ಹಿತ್ತಲು, ನಡುಮನೆ. ಹಾಗಾಗಿ ‘ನೆಲಸಂದು’. ಇನ್ಸುಲೇಷನ್‌ಗೆ ‘ಬಿಸಿತಡೆ’.

---

ಶಿವಮೊಗ್ಗದಿಂದ:

ಸಂದು ಬಂದಿದ್ದು ಸಂಸ್ಕೃತದ ಸಂಧಿಯಿಂದ. ಅರಿಸಮಾಸ ಎಂದು ಬೇರೆಯವರನ್ನು ಗದರಿಸುವ ಮೊದಲು ಇದನ್ನು ನೋಡಬೇಕಿತ್ತು. ಅಚ್ಚಗನ್ನಡ ಬೇಕಿದ್ದರೆ ‘ತಳಪಾಯದ ಬಯಲು’ ಎನ್ನಿ. ಮತ್ತೆ, ಬಿಸಿತಡೆ ತಪ್ಪು. ಆದೇಶ ಸಂಧಿ ಆಗಬೇಕು, ಅಂದರೆ ಎರಡನೇ ಪದದ ‘ತ’ ‘ದ’ ಆಗಬೇಕು: ಬಿಸಿದಡೆ. ಮಳೆಗಾಲ, ಬೆಟ್ಟದಾವರೆ ನೋಡಿ.

---

ಮೈಸೂರಿನಿಂದ:

ಸಂದು ತದ್ಭವ, ಸಂಸ್ಕೃತದಿಂದ ಬಂದು ಕನ್ನಡದಲ್ಲಿ ರೂಪ ಬದಲಿಸಿದ ಮಾತು. ಕನ್ನಡದ ಜೊತೆ ತದ್ಭವ ಸೇರಬಹುದು, ಅದು ಅರಿಸಮಾಸ ಆಗುವುದಿಲ್ಲ. ‘ದಡೆ’ ಎಂದರೆ ಇವತ್ತು ಯಾರಿಗೂ ತಡೆ ನೆನಪಾಗುವುದಿಲ್ಲ. ಇನ್ನು ತಳಪಾಯದ ‘ಪಾಯ’ ಮರಾಠಿ, ಹಿಂದಿ ಕಡೆಯಿಂದ ಬಂದ ಮಾತು. ಅಚ್ಚಗನ್ನಡ ಎಲ್ಲಿ ಉಳಿಯಿತು?

---

ಟೆಕ್ಸಸ್‌ನಿಂದ:

ಈ ಜಗಳ ಯಾವಾಗಲೂ ಇಲ್ಲಿಗೇ ಬರುತ್ತದೆ. ಕಿಟಕಿ ಹೊರಗಿನಿಂದ ಬಂದಿದ್ದು, ಅಲಮಾರು ಪೋರ್ಚುಗೀಸರದ್ದು. ಎರಡನ್ನೂ ನಮ್ಮದು ಮಾಡಿಕೊಂಡಿಲ್ಲವೇ? ‘ಕ್ರಾಲ್ ಸ್ಪೇಸ್’ ಎಂದೇ ಬರೆಯಿರಿ. ರಿಪೇರಿಗೆ ಫೋನ್ ಮಾಡಿ ‘ನೆಲಸಂದು’ ಎಂದರೆ ಯಾರು ಬರುತ್ತಾರೆ?

---

ಕೇಳಿದವನೇ ಮತ್ತೆ:

ಒಂದು ಮಾತು ಬಿಟ್ಟುಹೋಗಿತ್ತು. ಇನ್ಸುಲೇಷನ್, ಏರ್ ಸೀಲಿಂಗ್ ಎರಡು ಕೆಲಸಕ್ಕೂ ಒಂದೇ ಪದ ಹಾಕಲು ಆಗುವುದಿಲ್ಲ. ನಮ್ಮಲ್ಲಿ ಜನ ಮೋಸ ಹೋಗುವುದೇ ಅಲ್ಲಿ. ಫೈಬರ್‌ಗ್ಲಾಸ್ ಬಿಸಿಯನ್ನು ಹಿಡಿಯುತ್ತದೆ, ಗಾಳಿಯನ್ನು ಬಿಡುತ್ತದೆ. ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಸ್ಕೂಟರ್ ಓಡಿಸಿದ ಹಾಗೆ, ಮೇಲೊಂದು ಜರ್ಕಿನ್ ಇಲ್ಲದಿದ್ದರೆ ನಡುಕ ನಿಲ್ಲದು. ಮನೆಯ ಬಿಸಿ ಗಾಳಿ ಅಟ್ಟದ ಸಂದುಗಳಿಂದ ಮೇಲೆ ಹೊರಟುಹೋಗುತ್ತದೆ. ಆ ಜಾಗ ತುಂಬಲು ಕೆಳಗಿನ ತಣ್ಣನೆ ಗಾಳಿ ಒಳಗೆ ಬರುತ್ತದೆ. ಪೈಪು, ವೈರು ತೂರಿರುವ ತೂತುಗಳನ್ನು, ತಳದ ಗೋಡೆಯ ಮೇಲೆ ಮನೆಯ ಮರದ ಚೌಕಟ್ಟು ಕೂರುವ ಅಂಚನ್ನು ಮೊದಲು ಮುಚ್ಚಬೇಕು. ಹೊದಿಕೆ ಆಮೇಲೆ.

ಬೇಸಿಗೆಯ ಕಥೆ ಬೇರೆ. ಇಲ್ಲಿ ಜುಲೈ ಅಂದರೆ ಮಂಗಳೂರಿನ ಸೆಕೆ. ಕ್ರಾಲ್ ಸ್ಪೇಸ್ ಸುತ್ತಲಿನ ಗೋಡೆಯ ಕಿಂಡಿಗಳಿಂದ ಆ ತೇವದ ಗಾಳಿ ಒಳಗೆ ಬಂದು, ತಂಪಾಗಿ, ಮರದ ಮೇಲೆ ನೀರಾಗಿ ಕೂರುತ್ತದೆ. ಬೂಸ್ಟು ಹಿಡಿಯುತ್ತದೆ. ಕಿಂಡಿ ಇದ್ದರೆ ಒಣಗುತ್ತದೆ ಎಂದು ಹಿಂದೆ ನಂಬಿದ್ದರು. ಈಗ ಕಿಂಡಿ ಮುಚ್ಚಿ, ಮಣ್ಣಿನ ಮೇಲೆ ಕಡಿಮೆ ಅಂದರೂ 6 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು) ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿ, ತೇವ ಎಳೆಯುವ ಯಂತ್ರ ಇಡುವವರು ಜಾಸ್ತಿ ಆಗಿದ್ದಾರೆ. ಈ ‘ಮುಚ್ಚುವ’ ಕೆಲಸಕ್ಕೆ, ಅಂದರೆ ಏರ್ ಸೀಲಿಂಗ್‌ಗೆ, ಪದ ಕೊಡಿ.

---

ವಿಜಯಪುರದಿಂದ:

ನಮ್ಮ ಕಡೆ ಹಗೇವು ಗೊತ್ತಲ್ವಾ? ನೆಲದಡಿ ಜೋಳ ತುಂಬಿಡುವ ಗುಂಡಿ. ಬಾಯಿಗೆ ಕಲ್ಲು ಮುಚ್ಚಿ, ಸುತ್ತ ಹಸಿ ಮಣ್ಣು ಮೆತ್ತುತ್ತಿದ್ದರು. ಗಾಳಿ, ನೀರು, ಹುಳ ಒಳಗೆ ಹೋಗಬಾರದು. ಬಾಯಿ ತೆಗೆದ ಕೂಡಲೇ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ, ಉಸಿರುಕಟ್ಟಿ ಸಾಯುವ ಭಯ. ಅಷ್ಟು ಬಿಗಿ. ನನ್ನ ಅಜ್ಜ ಅದಕ್ಕೆ ‘ಸಂದು ಮೆತ್ತೋದು’ ಅನ್ನುತ್ತಿದ್ದ. ನೀವು ಹೇಳುವ ಕೆಲಸ ಅದೇ. ಮಣ್ಣಿನ ಬದಲು ಫೋಮು, ಅಷ್ಟೇ. ಮೊಹರು ಕಾಗದಕ್ಕೆ ಒತ್ತುವಂಥದ್ದು, ಮನೆಗಲ್ಲ.

---

ಶಿವಮೊಗ್ಗದಿಂದ:

ಮೆತ್ತು ಒಪ್ಪುತ್ತೇನೆ. ಬಿಸಿತಡೆ ಒಪ್ಪುವುದಿಲ್ಲ.

---

ಕೇಳಿದವನೇ:

ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ‘ಸಂದು ಮೆತ್ತಬೇಕು’ ಅಂದ ತಕ್ಷಣ, ‘ಮೊದಲೇ ಮೆತ್ತಿಸಬಾರದಿತ್ತೇನೋ?’ ಅಂದರು. ‘ಬಿಸಿದಡೆ’ಗೆ ಏನೂ ಹೇಳಲಿಲ್ಲ. ಟೆಕ್ಸಸ್‌ನವರ ಮಾತೂ ಸರಿಯೇ, ಫೋನ್ ಮಾಡುವಾಗ ಇಂಗ್ಲಿಷ್ ಹೆಸರು ಬೇಕೇ ಬೇಕು. ಅಚ್ಚಿಗೆ ಹೀಗೆ ಕಳಿಸಿದ್ದೇನೆ:

‘ಮನೆಯ ನೆಲಕ್ಕೂ ಮಣ್ಣಿಗೂ ನಡುವಿನ ನೆಲಸಂದನ್ನು ಇಲ್ಲಿ ಕ್ರಾಲ್ ಸ್ಪೇಸ್ ಎನ್ನುತ್ತಾರೆ. ಕಾಲಿಗೆ ಚಳಿ ಹತ್ತುತ್ತಿದ್ದರೆ ಮೊದಲು ಅಲ್ಲಿನ ಸಂದುಗಳನ್ನು ಮೆತ್ತಿಸಿ. ಬಿಸಿತಡೆ ಹೊದಿಕೆಯನ್ನು ಆಮೇಲೆ ಹಾಕಿಸಿ.’